ತುಘಲಕನ ಮನಸ್ಸು ಕಂಡೆವು, ಕುಮಾರರಾಮನದು?

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ 1964ರಲ್ಲಿ ಬಂತು. ಅದರ ಕಥೆ ಶುರುವಾಗುವುದು 1327ರ ದೆಹಲಿಯಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಸುಲ್ತಾನನ ದಂಡು ತುಂಗಭದ್ರೆಯ ದಡಕ್ಕೆ ಬಂದು ಕಂಪಿಲಿಯ ಪುಟ್ಟ ರಾಜ್ಯವನ್ನು ಅಳಿಸಿಹಾಕಿತು. ದಂಡು ಕಳಿಸಿದವನ ಕನಸು, ಅನುಮಾನ, ಕ್ರೌರ್ಯಗಳನ್ನೆಲ್ಲ ಕನ್ನಡ ರಂಗಭೂಮಿ ಬಗೆದು ನೋಡಿತು. ಆ ದಂಡಿಗೆ ಎದೆಗೊಟ್ಟು ಸತ್ತನೆಂದು ನಾಡು ಹಾಡುವ ಕುಮಾರರಾಮನ ಒಳಗನ್ನು ನಮ್ಮ ಸಿನಿಮಾ ಇನ್ನೂ ಹೊಕ್ಕಿಲ್ಲ.

ವೀರ ಹುಟ್ಟುವ ಬಗೆಯನ್ನು ಕತ್ತಲ ಕಡೆಯಿಂದ ಹೇಳುವ ಚಿತ್ರಗಳಿಗೆ ಹಾಲಿವುಡ್‌ನಲ್ಲಿ ಈಗ ದೊಡ್ಡ ಮಾರುಕಟ್ಟೆಯಿದೆ. 2005ರ ‘ಬ್ಯಾಟ್‌ಮನ್ ಬಿಗಿನ್ಸ್’ ವೀರನ ಭಯವನ್ನು ಕೆದಕಿತು. 2019ರ ‘ಜೋಕರ್’ ಖಳನನ್ನೇ ನಡುಮನೆಗೆ ಕರೆತಂದು ಕೂರಿಸಿತು. ಇಂಥ ಕಥೆ ಹುಡುಕಿಕೊಂಡು ತುಂಗಭದ್ರೆಯ ಸೀಮೆಯ ಹೊಸಪೇಟೆಯವರು ಅಷ್ಟು ದೂರ ಹೋಗಬೇಕಿಲ್ಲ.

ಕುಮಾರರಾಮನ ಕಥೆಯ ಎಲುಬು ಹೀಗಿದೆ. ಚೆಂಡಾಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನಿಗೆ ಅವಳು ಮನಸೋಲುತ್ತಾಳೆ. ಅವನು ಒಲ್ಲೆನೆಂದಾಗ ಅವಳು ಆರೋಪ ಹೊರಿಸುತ್ತಾಳೆ. ತಂದೆ ಕಂಪಿಲರಾಯ ವಿಚಾರಿಸದೆ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೆ ಯಾರದೋ ತಲೆ ತೋರಿಸುತ್ತಾನೆ. ದೆಹಲಿಯ ದಂಡು ಬಂದು ಮುತ್ತಿದಾಗ, ಸತ್ತನೆಂದುಕೊಂಡ ಮಗ ಎದ್ದು ಬಂದು ಹೋರಾಡುತ್ತಾನೆ. ಕೊನೆಗೆ ಅವನ ತಲೆ ನಿಜವಾಗಿಯೂ ದೆಹಲಿಗೆ ಹೋಗುತ್ತದೆ.

ಇದರಲ್ಲಿ ಬಣ್ಣ ಬಳಿದು ಮರೆಮಾಡಲಾಗದ ಕಪ್ಪು ಜಾಗಗಳು ಎಷ್ಟಿವೆ ನೋಡಿ. ರತ್ನಾಜಿ ಮೊದಲು ರಾಮನಿಗೇ ಗೊತ್ತಾಗಿದ್ದ ಹೆಣ್ಣು, ಮುದಿ ರಾಜ ಅವಳನ್ನು ತಾನೇ ಮದುವೆಯಾದ ಎನ್ನುವ ಪಾಠಗಳೂ ಇವೆ. ಹಾಗಿದ್ದರೆ ಅವಳನ್ನು ಬರೀ ಕಾಮುಕಿ ಎಂದು ಕೈತೊಳೆದುಕೊಳ್ಳುವುದು ಕಷ್ಟ. ಬದಲಿಗೆ ಹೋದ ಆ ತಲೆ ಯಾರದು? ಅವನ ಮನೆಯವರು ಏನು ಮಾಡಿದರು? ಸ್ವಾಮಿನಿಷ್ಠ ಬೈಚಪ್ಪ ಒಂದು ಕೊಲೆಯ ಮೇಲೆ ಇನ್ನೊಂದು ಜೀವ ಉಳಿಸಿದವನು. ರಾಮನ ‘ಪರನಾರೀ ಸಹೋದರ’ ಎಂಬ ಬಿರುದಿನ ಹಿಂದೆ ಇಷ್ಟೆಲ್ಲ ರಕ್ತವಿದೆ.

ಈ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯಕ್ಕೆ ತಂದ. ಆಮೇಲೆ ಪಾಂಚಾಳಗಂಗ ತನ್ನದೇ ಸಾಂಗತ್ಯ ಬರೆದ. ಬಳ್ಳಾರಿ ಸೀಮೆಯ ಬಯಲಾಟದವರು ಅದನ್ನು ರಾತ್ರಿಯಿಡೀ ಕುಣಿದರು. ಗಂಗಾವತಿ ಕಡೆಯ ಕುಮ್ಮಟದುರ್ಗದಲ್ಲಿ ರಾಮ ದೇವರೇ ಆದ. ದೇವರಾದವನಿಗೆ ಅಳುಕು, ಸಿಟ್ಟು ಕೊಡುವುದು ಸಿನಿಮಾದವರಿಗೆ ಸುಲಭವಲ್ಲ, ನಿಜ. ಆದರೆ ಹಳೆಯ ಕವಿಗಳು ಕೊಟ್ಟಿದ್ದಾರೆ.

ಚರಿತ್ರೆ ಹುಡುಕಿದವರ ದಾರಿ ಬೇರೆ. ಎನ್. ವೆಂಕಟರಮಣಯ್ಯನವರ ‘ಕಂಪಿಲಿ ಅಂಡ್ ವಿಜಯನಗರ’ 1929ರಲ್ಲಿ ಪ್ರಕಟವಾಯಿತು. ಹಂಪಿಯ ಹೇಮಕೂಟದ ಮೇಲಿರುವ ಒಂದು ಗುಡಿಯ ಶಾಸನ ವೀರ ಕಂಪಿಲದೇವನದು, ಅಂದರೆ ಕಥೆಯ ಕಂಪಿಲರಾಯನದು; ತಂದೆ ಮುಮ್ಮಡಿ ಸಿಂಗೆಯನಾಯಕ ಮೊದಲಾದವರ ನೆನಪಿಗೆ ಲಿಂಗಗಳನ್ನು ಸ್ಥಾಪಿಸಿದ್ದನ್ನು ಅದು ಹೇಳುತ್ತದೆ. ವಿಜಯನಗರ ಹುಟ್ಟುವ ಮೊದಲೇ ಹಂಪಿ ಇವರ ಊರಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇವರ ಮೊದಲ ನೆಲೆ ಹೊಸಮಲೆದುರ್ಗವನ್ನು ವಿದ್ವಾಂಸರು ಸಂಡೂರಿನ ಬೆಟ್ಟಸಾಲಿನಲ್ಲಿ ಗುರುತಿಸುತ್ತಾರೆ. ಊರಿನ ಹೆಸರಾಗಿ ರಾಜ್ಯದ ಹೆಸರು ಉಳಿದಿರುವುದು ಕಂಪ್ಲಿಯಲ್ಲಿ.

ಕನ್ನಡದ ಐತಿಹಾಸಿಕ ಚಿತ್ರಗಳು ಈ ಊರುಗಳ ಹತ್ತಿರ ಬಂದದ್ದು ವೈಭವ ಹುಡುಕಿಕೊಂಡು. 1961ರಲ್ಲಿ ಆರ್. ನಾಗೇಂದ್ರರಾಯರ ‘ವಿಜಯನಗರದ ವೀರಪುತ್ರ’, 1970ರಲ್ಲಿ ಬಿ.ಆರ್. ಪಂತುಲು ಅವರ ‘ಶ್ರೀಕೃಷ್ಣದೇವರಾಯ’, ರಾಜಕುಮಾರ್ ರಾಯನಾಗಿ, ಪಂತುಲು ತಿಮ್ಮರಸುವಾಗಿ. ವೀರ ತಾನು ಯಾರೆಂದು ಕಂಡುಕೊಳ್ಳುವ ಕಥೆಯೆಂದರೆ 1975ರ ‘ಮಯೂರ’, ದೇವುಡು ಅವರ ಕಾದಂಬರಿ ಆಧರಿಸಿದ್ದು. ಅವಮಾನದಿಂದ ಅರಸುತನಕ್ಕೆ ಏರುವ ಆ ದಾರಿ ಇವತ್ತಿಗೂ ರೋಮಾಂಚನ ಹುಟ್ಟಿಸುತ್ತದೆ, ಆದರೆ ಮಯೂರನ ಕೈ ಎಲ್ಲಿಯೂ ಕೊಳೆಯಾಗುವುದಿಲ್ಲ.

2006ರಲ್ಲಿ ಕೊನೆಗೂ ‘ಗಂಡುಗಲಿ ಕುಮಾರರಾಮ’ ಬಂತು. ನಿರ್ದೇಶನ ಎಚ್.ಆರ್. ಭಾರ್ಗವ, ರಾಮನಾಗಿ ಶಿವರಾಜ್‌ಕುಮಾರ್. ಸಾಹಸ ಮೆಚ್ಚಬೇಕು, ಐತಿಹಾಸಿಕ ಚಿತ್ರಕ್ಕೆ ಯಾರೂ ಹಣ ಹಾಕದ ಕಾಲವದು. ಆದರೂ ಚೌಕಟ್ಟು ಎಪ್ಪತ್ತರ ದಶಕದ್ದೇ.

ಕತ್ತಲು ಬಂದದ್ದು ಇನ್ನೊಂದು ಬಾಗಿಲಿನಿಂದ. 2010ರ ಏಪ್ರಿಲ್‌ನಲ್ಲಿ ತೆರೆಕಂಡ ಜೇಕಬ್ ವರ್ಗೀಸ್ ಅವರ ‘ಪೃಥ್ವಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಬಳ್ಳಾರಿಯ ಜಿಲ್ಲಾಧಿಕಾರಿ, ಎದುರಾಳಿ ಅಕ್ರಮ ಗಣಿಗಾರಿಕೆ. ಅದೇ ವರ್ಷ ಜುಲೈನಲ್ಲಿ ಗಣಿಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಕಾಂಗ್ರೆಸ್ಸಿನ ಪಾದಯಾತ್ರೆ ಹೊರಟಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಸಂಡೂರಿನ ಜನ ಲಾರಿಗಳ ಕೆಂಪು ಧೂಳನ್ನು ತೆರೆಯ ಮೇಲೆ ನೋಡಬೇಕಾಗಿರಲಿಲ್ಲ, ಮನೆಯ ಮೆಟ್ಟಿಲ ಮೇಲೇ ಇತ್ತು. ಕತ್ತಿ ಬಿಟ್ಟು ಕಡತ ಹಿಡಿದ ಈ ವೀರನಿಗೂ ಕೊನೆಗೆ ಮುಷ್ಟಿಯನ್ನೇ ನೆಚ್ಚಬೇಕಾಯಿತು ಎನ್ನುವುದು ಜನಪ್ರಿಯ ಸಿನಿಮಾದ ಮಿತಿ. ಆದರೂ ಈ ಭಾಗದ ನೈಜ ಕೇಡನ್ನು ಇಷ್ಟು ನೇರವಾಗಿ ಹೆಸರಿಸಿದ ತಾರಾಚಿತ್ರ ಅದಕ್ಕೆ ಮುಂಚೆ ಇರಲಿಲ್ಲವೆಂದೇ ಹೇಳಬೇಕು. ಇಂದು ಹೊಸಪೇಟೆಯಲ್ಲಿ ಪುನೀತ್ ಪ್ರತಿಮೆ ಇದೆ. ಅಲ್ಲಿನ ಅಭಿಮಾನಕ್ಕೆ ಈ ಒಂದೇ ಚಿತ್ರ ಕಾರಣವಲ್ಲ, ಬಿಡಿ.

ಅಪ್ಪಟ ಸೂಪರ್‌ಹೀರೋನನ್ನು ಈ ಸೀಮೆಯ ಹೆಸರಿಗೆ ಕಟ್ಟಿದವರು ತೆಲುಗಿನವರು. 2024ರ ‘ಹನುಮಾನ್’ ಚಿತ್ರದ ಕಾಲ್ಪನಿಕ ಹಳ್ಳಿಯ ಹೆಸರು ಅಂಜನಾದ್ರಿ; ಆನೆಗೊಂದಿಯ ನಿಜವಾದ ಅಂಜನಾದ್ರಿಗೆ ಹಂಪಿಯಿಂದ ಹೊಳೆ ದಾಟಿದರೆ ಸಾಕು. ನಾಟಕದಲ್ಲಿ ಮಾತ್ರ ಕನ್ನಡವೇ ಮುಂದಿತ್ತು. ಕಾರ್ನಾಡರೇ 2018ರ ‘ರಾಕ್ಷಸ ತಂಗಡಿ’ಯಲ್ಲಿ ಅಳಿಯ ರಾಮರಾಯನ ಅಹಂಕಾರವನ್ನೂ ಅವಮಾನವನ್ನೂ ಒಟ್ಟಿಗೆ ಇಟ್ಟು ವಿಜಯನಗರದ 1565ರ ಸೋಲನ್ನು ಬಿಡಿಸಿದರು.

ಕುಮಾರರಾಮನಿಗೆ ಅಂಥ ಒಂದು ಚಿತ್ರ ಮಾಡಹೊರಡುವವರಿಗೆ ಸಾಂಗತ್ಯಗಳ ಜೊತೆಗೆ ಇಬ್ನ್ ಬತೂತನ ಪ್ರವಾಸಕಥನವೂ ಬೇಕಾಗುತ್ತದೆ. ಸುಲ್ತಾನನ ವಿರುದ್ಧ ತಿರುಗಿಬಿದ್ದ ಬಹಾವುದ್ದೀನನಿಗೆ ಕಂಪಿಲಿಯ ರಾಜ ಆಶ್ರಯ ಕೊಟ್ಟದ್ದು, ಕೋಟೆ ಬೀಳುವ ಮುನ್ನ ಅರಮನೆಯ ಹೆಂಗಸರು ಬೆಂಕಿಗೆ ಬಿದ್ದದ್ದು, ರಾಜ ಹೋರಾಡಿ ಸತ್ತದ್ದು ಅಲ್ಲಿದೆ. ಹಾಡುಗಳು ಹೇಳದ ಇನ್ನೊಂದು ಸಂಗತಿಯೂ ಇದೆ. ರಾಜನ ಹನ್ನೊಂದು ಮಕ್ಕಳು ಸೆರೆಯಾಗಿ ದೆಹಲಿಗೆ ಹೋದರು, ಮುಸಲ್ಮಾನರಾದರು, ಸುಲ್ತಾನನ ಆಸ್ಥಾನದಲ್ಲಿ ಅಮೀರರಾದರು. ಅವರಲ್ಲಿ ಕೆಲವರನ್ನು ಇಬ್ನ್ ಬತೂತ ಕಣ್ಣಾರೆ ಕಂಡಿದ್ದ. ಅಬೂ ಮುಸ್ಲಿಂ ಎಂಬಾತ ಅವನ ಗೆಳೆಯನೇ ಆಗಿದ್ದ.