ಅವಧಿಪೂರ್ವ ಶಿಶುಗಳ ರಕ್ತಸೋಂಕು: ಪ್ರತಿಜೀವಕ ಚಿಕಿತ್ಸೆಯ ಇತಿಹಾಸ

ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವಿನ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದರೆ ನಂಜು ಬೇಗ ಮೈಗೆಲ್ಲ ಹರಡುತ್ತದೆ. ತಾಯಿಯ ಪ್ರತಿಕಾಯಗಳಲ್ಲಿ ಹೆಚ್ಚಿನವು ಶಿಶುವನ್ನು ಸೇರುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ದಿನ ತುಂಬದ ಶಿಶುವಿಗೆ ಆ ರಕ್ಷಣೆ ಪೂರ್ತಿ ಸಿಕ್ಕಿರುವುದಿಲ್ಲ.

ಆರಂಭ: ಅಮೆರಿಕದ ವೈದ್ಯೆ ಎಥೆಲ್ ಡನ್‌ಹ್ಯಾಂ 1933ರಲ್ಲಿ ನವಜಾತ ಶಿಶುಗಳ ರಕ್ತಸೋಂಕಿನ ಅಧ್ಯಯನವನ್ನು ಪ್ರಕಟಿಸಿದಾಗ, ಈ ಸೋಂಕಿಗೆ ತುತ್ತಾದ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತು ಸಾಯುತ್ತಿದ್ದವು. ಸಲ್ಫಾ ಔಷಧಗಳೂ 1940ರ ದಶಕದಲ್ಲಿ ಪೆನಿಸಿಲಿನ್ನೂ ಬಂದ ಮೇಲೆ ಸಾವು ತಗ್ಗಿತು. ಸೋಂಕು ಖಚಿತವಾಗದಿದ್ದರೂ ಮುಂಜಾಗ್ರತೆಗೆಂದು ಔಷಧ ಕೊಡುವ ರೂಢಿಯೂ ಬೆಳೆಯಿತು.

ಎರಡು ದುರಂತಗಳು: ನ್ಯೂಯಾರ್ಕಿನಲ್ಲಿ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಇಂತಹ ಎರಡು ಕ್ರಮಗಳನ್ನು ಹೋಲಿಸಿ 1956ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆನಿಸಿಲಿನ್ ಜೊತೆ ಸಲ್ಫಾ ಔಷಧವಾದ ಸಲ್ಫಿಸಾಕ್ಸಜೋಲ್ ಪಡೆದ ಶಿಶುಗಳೇ ಹೆಚ್ಚಾಗಿ ಸತ್ತಿದ್ದವು. ಕಾಮಾಲೆಯ ವರ್ಣದ್ರವ್ಯವಾದ ಬಿಲಿರುಬಿನ್ ಮಿದುಳಿಗೆ ಇಳಿದಿತ್ತು. ರಕ್ತದ ಆಲ್ಬುಮಿನ್‌ನಿಂದ ಅದನ್ನು ಸಲ್ಫಾ ಕಿತ್ತು ಬಿಡಿಸುತ್ತದೆಂದು ಮುಂದೆ ತಿಳಿಯಿತು. 1959ರಲ್ಲಿ ಲಾಸ್ ಏಂಜಲೀಸ್‌ನಿಂದ ಇನ್ನೊಂದು ವರದಿ ಬಂತು. ಕ್ಲೋರಾಂಫೆನಿಕಾಲ್ ಪಡೆದ ಶಿಶುಗಳ ಹೊಟ್ಟೆ ಉಬ್ಬಿ, ಮೈ ಬೂದುಬಣ್ಣಕ್ಕೆ ತಿರುಗಿ, ರಕ್ತಪರಿಚಲನೆ ಕುಸಿಯುತ್ತಿತ್ತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು; ಯಾವ ಪ್ರತಿಜೀವಕವನ್ನೂ ಪಡೆಯದ ಗುಂಪಿನಲ್ಲಿ ಸಾವು ಶೇ. 20ರ ಒಳಗೇ ಇತ್ತು. ಬಲಿಯದ ಯಕೃತ್ತು ಆ ಔಷಧವನ್ನು ಅರಗಿಸಲಾರದೆ ಅದು ರಕ್ತದಲ್ಲಿ ಶೇಖರವಾಗುತ್ತಿತ್ತು. ದೊಡ್ಡವರ ಡೋಸನ್ನು ತೂಕಕ್ಕೆ ತಕ್ಕಂತೆ ಇಳಿಸಿದರೆ ಸಾಲದು, ಅಂಗಗಳು ಎಷ್ಟು ಬಲಿತಿವೆ ಎಂಬುದನ್ನೂ ನೋಡಬೇಕು ಎಂಬ ತತ್ತ್ವ ಇದರಿಂದ ಗಟ್ಟಿಯಾಯಿತು.

ಜೋಡಿ ಔಷಧ: 1960ರ ದಶಕದಲ್ಲಿ ಬಂದ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಮುಂದೆ ಆರಂಭಿಕ ಚಿಕಿತ್ಸೆಯ ರೂಢಿಯ ಜೋಡಿಯಾದವು. ಜೆಂಟಾಮೈಸಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅತಿ ಬೇಗ ಹುಟ್ಟಿದ ಶಿಶುವಿನಲ್ಲಿ ಈ ಕೆಲಸ ನಿಧಾನ. ಔಷಧ ಉಳಿದರೆ ಕಿವಿಗೂ ಮೂತ್ರಪಿಂಡಕ್ಕೂ ಅಪಾಯ. ಆದ್ದರಿಂದ ಒಂದು ಡೋಸಿನಿಂದ ಇನ್ನೊಂದಕ್ಕೆ 36ರಿಂದ 48 ಗಂಟೆಗಳ ಅಂತರ ಬಿಡುವ ಪದ್ಧತಿ ಬಂತು.

ಇತ್ತೀಚಿನ ಸ್ಥಿತಿ: ರಕ್ತದ ಕಲ್ಚರ್‌ನಲ್ಲಿ ರೋಗಾಣು ಕಾಣದಿದ್ದರೂ ಐದು ದಿನ ಅಥವಾ ಹೆಚ್ಚು ಕಾಲ ಔಷಧ ಮುಂದುವರಿಸುವುದಕ್ಕೂ ಕರುಳುಕೊಳೆತ ಇಲ್ಲವೇ ಸಾವಿಗೂ ನಂಟಿದೆಯೆಂದು 2009ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕಲ್ಚರ್‌ನಲ್ಲಿ ರೋಗಾಣು ಕಾಣದೆ ಶಿಶು ಚೆನ್ನಾಗಿದ್ದರೆ 36ರಿಂದ 48 ಗಂಟೆಗಳಲ್ಲಿ ಔಷಧ ನಿಲ್ಲಿಸುವುದು ಈಗಿನ ಕ್ರಮ. ಭಾರತದಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳೇ ದೊಡ್ಡ ಸವಾಲು. ದೆಹಲಿಯ ಮೂರು ಆಸ್ಪತ್ರೆಗಳ ಅಧ್ಯಯನ (2016) ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾಗಳಲ್ಲಿ ಬಹು ಔಷಧ ನಿರೋಧಕತೆಯನ್ನು ದಾಖಲಿಸಿದೆ. ಇವುಗಳ ಮೇಲೆ ಹಳೆಯ ಜೋಡಿ ಔಷಧ ಹಲವು ಬಾರಿ ಕೆಲಸ ಮಾಡುವುದಿಲ್ಲ.