ದೂರದ ಕಡತಕೋಶ: ಜೋಡಣೆಯೂ ಪ್ರತಿಯೂ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ದೊರೆತ ತಾಮ್ರಪಟಗಳು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವು. ಅಚ್ಚಾದ ಶಾಸನಪಾಠವನ್ನು ಓದುವವನ ಕೈಯಲ್ಲಿರುವುದು ಪ್ರತಿ. ಮೂಲವು ಬೇರೆಡೆ ಇರುತ್ತದೆ. ಪ್ರತಿಯನ್ನು ತರಿಸಿಕೊಳ್ಳದೆ ದೂರದ ಮೂಲವನ್ನೇ ಬಳಸುವ ಏರ್ಪಾಡು ಕಂಪ್ಯೂಟರ್ ಯುಗದ್ದು.

1984ರಲ್ಲಿ ಅಮೆರಿಕೆಯ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಎನ್‌ಎಫ್‌ಎಸ್ ಎಂಬ ಪದ್ಧತಿಯನ್ನು ರೂಪಿಸಿತು. ಇದರಿಂದ ಬೇರೊಂದು ಯಂತ್ರದ ಕಡತಕೋಶವನ್ನು ತನ್ನದೇ ಕೋಶವೊಂದರ ಸ್ಥಾನದಲ್ಲಿ ಜೋಡಿಸಿಕೊಳ್ಳುವುದು ಸಾಧ್ಯವಾಯಿತು. ಈ ಜೋಡಣೆಗೆ ‘ಮೌಂಟ್’ ಎಂದು ಹೆಸರು. ಅದರ ನಿಯಮಗಳು 1989ರಲ್ಲಿ ಬಹಿರಂಗ ದಾಖಲೆಯಾದವು. 1991ರ ಕೊನೆಯಲ್ಲಿ ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಆರಂಭಿಸಿದ ಸಾಂಬಾ ತಂತ್ರಾಂಶವು ಮುಂದೆ ಯೂನಿಕ್ಸ್, ವಿಂಡೋಸ್ ಯಂತ್ರಗಳ ನಡುವೆ ಕಡತಗಳ ಹಂಚಿಕೆಯನ್ನು ಸುಲಭಗೊಳಿಸಿತು.

ಇಂದು ಸ್ವಂತ ಸರ್ವರನ್ನು ನಡೆಸುವ ಕಾಲೇಜೊಂದು ಶಾಸನಗಳ ಛಾಯಾಚಿತ್ರಗಳನ್ನು ಒಂದು ಯಂತ್ರದಲ್ಲಿಟ್ಟು, ಅವುಗಳನ್ನು ತೋರಿಸುವ ತಂತ್ರಾಂಶವನ್ನು ಇನ್ನೊಂದರಲ್ಲಿ ನಡೆಸಬಹುದು. ಆದರೆ ಇಲ್ಲೊಂದು ಅಪಾಯ ಉಂಟು. ವಿದ್ಯುತ್ತು ಹೋಗಿ ಬಂದಾಗ, ಜೋಡಣೆಗೆ ಮುನ್ನವೇ ತಂತ್ರಾಂಶವು ಆರಂಭವಾದರೆ ಅದಕ್ಕೆ ಕಾಣುವುದು ಬರಿದಾದ ಕೋಶ. ಹೊಸ ಚಿತ್ರಗಳು ಅಲ್ಲಿಯೇ ಸೇರುತ್ತವೆ. ಜೋಡಣೆಯು ಮರಳಿದೊಡನೆ ಮರೆಯಾಗುತ್ತವೆ. ಹಳೆಯವು ಅಳಿದವೆಂದು ತಿಳಿದು ತಂತ್ರಾಂಶವು ಅವನ್ನು ತನ್ನ ಪಟ್ಟಿಯಿಂದ ತೆಗೆಯಲೂಬಹುದು. ಆದಕಾರಣ ಜೋಡಣೆಯು ದೃಢಪಟ್ಟ ಮೇಲೆಯೇ ತಂತ್ರಾಂಶವು ಆರಂಭವಾಗತಕ್ಕದ್ದು. ಬರಿದಾದ ಕೋಶದಲ್ಲಿ ಬರೆಯುವ ಅಧಿಕಾರ ಅದಕ್ಕೆ ಇರಕೂಡದು.

ಜೋಡಣೆಯು ಮೂಲಕ್ಕೆ ದಾರಿಯನ್ನು ಮಾತ್ರ ಕೊಡುತ್ತದೆ. ದೂರದ ಯಂತ್ರವು ನಾಶವಾದರೆ ದಾರಿಯಿಂದ ಪ್ರಯೋಜನವಿಲ್ಲ. ಶಾಸನವೊಂದು ಕಳೆದುಹೋದರೂ ಅದರ ಪಾಠ ಉಳಿಯುವುದು ಅಚ್ಚಾದ ಪ್ರತಿಗಳು ಹಲವು ಗ್ರಂಥಾಲಯಗಳಲ್ಲಿ ಇರುವುದರಿಂದ. ಕಡತಗಳಿಗೂ ಅಂತಹ ಪ್ರತಿಯೊಂದು ಬೇರೆಡೆ ಇರುವುದು ಅವಶ್ಯ.