ಹಳೆಯ ಕಾರಿಗೊಂದು ಒಣ ಸೂರು

1896ರ ಜೂನ್ 4ರ ನಸುಕು. ಡೆಟ್ರಾಯಿಟ್ ನಗರದ ಬ್ಯಾಗ್ಲಿ ಅವೆನ್ಯೂನಲ್ಲಿ ಬಾಡಿಗೆಗಿದ್ದ ಹೆನ್ರಿ ಫೋರ್ಡ್ ಎಂಬ ಮೂವತ್ತೆರಡು ವರ್ಷದ ಎಂಜಿನಿಯರು, ಹಿತ್ತಲ ಕೊಟ್ಟಿಗೆಯಲ್ಲಿ ತಾನೇ ಕಟ್ಟಿದ ಮೊದಲ ಮೋಟಾರು ಗಾಡಿಯನ್ನು ರಸ್ತೆಗೆ ಇಳಿಸಲು ಹೊರಟ. ಬಾಗಿಲು ಗಾಡಿಗಿಂತ ಕಿರಿದಾಗಿತ್ತು. ತಿಂಗಳುಗಟ್ಟಲೆ ಒಂದೊಂದು ಭಾಗವನ್ನೂ ಅಳೆದು ಕೂರಿಸಿದವನು ಬಾಗಿಲನ್ನು ಅಳೆದಿರಲಿಲ್ಲ. ಕೊನೆಗೆ ಕೊಡಲಿ ತಂದು ಇಟ್ಟಿಗೆ ಗೋಡೆ ಒಡೆದು ದಾರಿ ಮಾಡಿಕೊಂಡ. ಹಳೆಯ ಕಾರೊಂದನ್ನು ಮನೆಯಲ್ಲೇ ಇಟ್ಟು, ತಮ್ಮ ಕೈಯಾರೆ ರಿಪೇರಿ ಮಾಡಬೇಕೆಂದು ಶೆಡ್ಡು ಕಟ್ಟಿಸಲು ಹೊರಟವರಿಗೆ ನಾನು ಮೊದಲು ಹೇಳುವುದು ಈ ಕತೆಯನ್ನು. ಸ್ಪ್ಯಾನರ್ ಸೆಟ್ಟು, ಕಂಪ್ರೆಸರು, ಜಾಕು ಇವುಗಳ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ಕೋಣೆಯ ಬಗ್ಗೆ ಯೋಚಿಸಿದವರು ಕಡಿಮೆ. ಕಾರನ್ನು ಹಲವು ದಶಕ ಉಳಿಸುವುದಾಗಲಿ, ನಾಲ್ಕೇ ಮಳೆಗಾಲದಲ್ಲಿ ತಿಂದುಹಾಕುವುದಾಗಲಿ ಆ ಕೋಣೆಯೇ.

ಕಾರಿನ ಕೋಣೆ ಬೆಳೆದುಬಂದ ಬಗೆಯನ್ನು ನೋಡಿದರೆ, ಅದು ಒಂದೊಂದು ಕಾಲದಲ್ಲಿ ಒಂದೊಂದು ಭಯಕ್ಕೆ ಉತ್ತರವಾಗಿ ಕಟ್ಟಿಕೊಂಡದ್ದು ಕಾಣುತ್ತದೆ. ಮೊದಲಿಗೆ ಬೆಂಕಿಯ ಭಯ, ಆಮೇಲೆ ಬಿಡಿಭಾಗ ಸಿಗದ ಭಯ, ಈಗ ತೇವದ ಭಯ.

ಫೋರ್ಡ್‌ಗಿಂತ ಮುಂಚೆಯೂ ಮನೆಯಂಗಳದ ಕಾರ್ಯಾಗಾರಗಳಿದ್ದವು. 1882ರಲ್ಲಿ ಗಾಟ್ಲೀಬ್ ಡೈಮ್ಲರ್ ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿ ಒಂದು ಬಂಗಲೆ ಕೊಂಡು, ಅದರ ತೋಟದ ಗಾಜಿನ ಮನೆಯನ್ನು ವಿಸ್ತರಿಸಿ ಕಾರ್ಯಾಗಾರ ಮಾಡಿಕೊಂಡ. ಹಗಲಿರುಳು ಬಾಗಿಲು ಹಾಕಿಕೊಂಡು ಒಳಗೆ ಕುಟ್ಟುತ್ತಿದ್ದವರನ್ನು ಕಂಡು ತೋಟದ ಮಾಲಿಗೆ ಗುಮಾನಿ ಬಂತು. ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ಅವನು ದೂರು ಕೊಟ್ಟ; ಪೊಲೀಸರು ಬಂದು ಹುಡುಕಿದರೆ ಸಿಕ್ಕಿದ್ದು ಎಂಜಿನ್ನು. ಆ ಗಾಜಿನ ಮನೆ ಇಂದು ಸ್ಮಾರಕವಾಗಿ ಉಳಿದಿದೆ. ಕಾರು ಹುಟ್ಟಿದ್ದೇ ಇಂಥ ಕೊಟ್ಟಿಗೆ, ತೋಟದ ಮನೆಗಳಲ್ಲಿ. ಕಾರ್ಖಾನೆ ಬಂದದ್ದು ಆಮೇಲೆ.

ಕಾರು ಕೊಳ್ಳುವ ವಸ್ತುವಾದಾಗ ಅದನ್ನು ಇಡುವುದೆಲ್ಲಿ ಎಂಬ ಪ್ರಶ್ನೆ ಎದ್ದಿತು. ಸಿರಿವಂತರು ಕುದುರೆಲಾಯಕ್ಕೆ ತಳ್ಳಿದರು. ಕುದುರೆ ಗಂಜಲದಿಂದ ಏಳುವ ಅಮೋನಿಯ ಸಾರೋಟಿನ ವಾರ್ನಿಷನ್ನು ಕೆಡಿಸುತ್ತದೆಂದು ಸಾರಥಿಗಳಿಗೆ ಮೊದಲೇ ಗೊತ್ತಿತ್ತು. ಈಗ ಕಾರಿನ ಹಿತ್ತಾಳೆಯೂ ಅದೇ ಗಾಳಿಗೆ ಕಪ್ಪಿಟ್ಟಿತು. ಜೊತೆಗೆ ಹುಲ್ಲಿನ ಪಕ್ಕದಲ್ಲಿ ಪೆಟ್ರೋಲು. ಹಾಗಾಗಿ ಮೊದಲ ತಲೆಮಾರಿನ ಗ್ಯಾರೇಜುಗಳು ಮನೆಯಿಂದ ದೂರ, ಹಿತ್ತಲ ತುದಿಯಲ್ಲಿ ಎದ್ದವು. ‘ಗ್ಯಾರೇಜ್’ ಎಂಬ ಮಾತೂ ಫ್ರೆಂಚಿನಿಂದ ಬಂದದ್ದು; ಕಾಪಾಡಿ ಇಡುವುದು ಎಂಬ ಅರ್ಥದ ಕ್ರಿಯಾಪದ ಅದರ ಮೂಲ. ರಿಪೇರಿಯ ಅರ್ಥ ನಂತರ ಅಂಟಿಕೊಂಡಿತು. ಈ ಎರಡು ಅರ್ಥಗಳ ನಡುವಿನ ಎಳೆದಾಟ ಇನ್ನೂ ಮುಗಿದಿಲ್ಲ: ಇಡಲು ಹೇಳಿಮಾಡಿಸಿದ ಜಾಗ ಬೆಸುಗೆಗೆ ಆಗಿಬರುವುದಿಲ್ಲ, ಬೆಸುಗೆಯ ಜಾಗದಲ್ಲಿ ಕಾರು ಚೆನ್ನಾಗಿ ಉಳಿಯುವುದಿಲ್ಲ.

1920ರ ದಶಕ ಗ್ಯಾರೇಜಿನ ರೂಪವನ್ನೇ ಬದಲಿಸಿತು. 1921ರಲ್ಲಿ ಅಮೆರಿಕದಲ್ಲಿ ಮೇಲಕ್ಕೆ ಮಡಚಿಕೊಳ್ಳುವ ಬಾಗಿಲು ಬಂತು. 1925ರ ವೇಳೆಗೆ ಮೆಂಫಿಸ್‌ನ ಪೀಟರ್ ಲುನಾಟಿ ಕ್ಷೌರದಂಗಡಿಯ ಕುರ್ಚಿ ಏರಿಳಿಯುವುದನ್ನು ಗಮನಿಸಿ, ಕಾರನ್ನೇ ಎತ್ತುವ ಹೈಡ್ರಾಲಿಕ್ ಲಿಫ್ಟ್ ರೂಪಿಸಿದ. 1923ರಲ್ಲಿ ಡ್ಯೂಪಾಂಟ್ ಕಂಪನಿ ‘ಡ್ಯೂಕೋ’ ಬಣ್ಣ ಹೊರತಂದಿತು. ಅದಕ್ಕೆ ಮುಂಚೆ ಕುಂಚದಲ್ಲಿ ಪದರ ಪದರವಾಗಿ ವಾರ್ನಿಷ್ ಬಳಿದು ಒಣಗಿಸಲು ವಾರಗಟ್ಟಲೆ ಬೇಕಿತ್ತು. ಸ್ಪ್ರೇ ಗನ್ನಿನಿಂದ ಸಿಂಪಡಿಸುವ ಈ ನೈಟ್ರೋಸೆಲ್ಯುಲೋಸ್ ಬಣ್ಣ ಗಂಟೆಗಳಲ್ಲಿ ಒಣಗುತ್ತಿತ್ತು. ನಮ್ಮ ಪೇಂಟರುಗಳು ಇಂದಿಗೂ ಸ್ಪ್ರೇ ಬಣ್ಣಕ್ಕೆ ‘ಡ್ಯೂಕೋ’ ಎನ್ನುವುದು ಆ ನೆನಪಿನಿಂದಲೇ. ಶತಮಾನದ ಹಿಂದಿನ ಅಮೆರಿಕನ್ ಡಬ್ಬಿಯ ಹೆಸರು ನಮ್ಮ ಬೀದಿಯ ಬೋರ್ಡುಗಳ ಮೇಲೆ ಬದುಕಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಹಳೆಯ ಕಾರನ್ನು ಹಳೆಯದೆಂಬ ಕಾರಣಕ್ಕೇ ಪ್ರೀತಿಸುವ ಹವ್ಯಾಸವೂ ಆಗಲೇ ಬೇರು ಬಿಟ್ಟಿತು. 1927ರಲ್ಲಿ ಲಂಡನ್-ಬ್ರೈಟನ್ ಓಟವನ್ನು ಹಳೆಯ ಗಾಡಿಗಳಿಂದ ಮತ್ತೆ ನಡೆಸಿದರು. 1930ರಲ್ಲಿ ಬ್ರಿಟನ್ನಿನ ವೆಟರನ್ ಕಾರ್ ಕ್ಲಬ್ ಹುಟ್ಟಿತು. ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ನಿಜವಾದ ಆಸರೆ ಸಿಕ್ಕಿದ್ದು ಮಾತ್ರ 1960ರ ದಶಕದಲ್ಲಿ. ಜಾನ್ ಹೇಯ್ನ್ಸ್ ಎಂಬ ವಾಯುಪಡೆಯ ಯುವಕ ಒಂದು ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಪೂರಾ ಬಿಚ್ಚಿ, ಪ್ರತಿ ಹಂತದ ಫೋಟೋ ತೆಗೆದು, ಮತ್ತೆ ಜೋಡಿಸಿ ಕೈಪಿಡಿ ಮಾಡಿದ. ಕಂಪನಿಯವರ ಕೈಪಿಡಿಗಳು ವಿಶೇಷ ಸಲಕರಣೆಗಳಿರುವ ಮೆಕ್ಯಾನಿಕ್‌ಗಾಗಿ ಬರೆದವು. ಹೇಯ್ನ್ಸ್ ಕೈಪಿಡಿ ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲಿ ಮಂಡಿಯೂರಿದವನಿಗಾಗಿ ಬರೆದದ್ದು.

ನಮ್ಮಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಇಲ್ಲಿಯೇ ಕಾರು ತಯಾರಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಹಾಕಿ ಓಡಾಡಿದರು. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಆಮದು ಬಿಗಿಯಾಯಿತು. ಉತ್ತರಪಾರದ ಅಂಬಾಸಡರ್, ಕುರ್ಲಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ಕಾರನ್ನು ಯಾರೂ ಬಿಸಾಡುತ್ತಿರಲಿಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಪಕ್ಕ ಮರದ ಎರಡು ಬಾಗಿಲಿನ, ಮಂಗಳೂರು ಹೆಂಚಿನ ಮೋಟಾರು ಶೆಡ್ಡುಗಳಿದ್ದವಲ್ಲ, ಅವು ಆ ಕಾಲದವು. ಒಡೆಯರು ಅಲ್ಲಿ ಸ್ಪ್ಯಾನರ್ ಹಿಡಿದದ್ದು ಅಪರೂಪ. ಮೇಸ್ತ್ರಿ ಸೈಕಲ್ಲಿನಲ್ಲಿ ಸಲಕರಣೆ ಚೀಲ ತೂಗಿಕೊಂಡು ಮನೆಗೇ ಬರುತ್ತಿದ್ದ. ಪಾಯಿಂಟ್ ಉಜ್ಜಿ, ಕಾರ್ಬುರೇಟರ್ ತೊಳೆದು, ಕಾಫಿ ಕುಡಿದು ಹೋಗುತ್ತಿದ್ದ. ಭಾಗ ಸಿಗದಿದ್ದರೆ ಜೆ.ಸಿ. ರಸ್ತೆ, ಅಲ್ಲೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿ, ಅದೂ ಆಗದಿದ್ದರೆ ಲೇತ್ ಅಂಗಡಿಯಲ್ಲಿ ಹೊಸದಾಗಿ ಕಡೆಸುವುದು. ಈ ಮೇಸ್ತ್ರಿಗಳ, ಟಿಂಕರುಗಳ ಕೈಚಳಕ ಪುಸ್ತಕಕ್ಕೆ ಇಳಿಯಲಿಲ್ಲ. ತಗ್ಗಿದ ಮಡ್‌ಗಾರ್ಡನ್ನು ಒಂದು ಮರದ ಕೊಡತಿ, ಒಂದು ಕಬ್ಬಿಣದ ಅಚ್ಚು ಇಟ್ಟುಕೊಂಡು ಪುಟ್ಟಿಯಿಲ್ಲದೆ ನೇರ ಮಾಡುವವರು ಇಂದು ಬೆರಳೆಣಿಕೆಯಷ್ಟು ಇದ್ದಾರೆ. ನಮ್ಮ ಹಳೆಯ ಕಾರುಗಳ ಇತಿಹಾಸದಲ್ಲಿ ನಾವು ಕಳೆದುಕೊಳ್ಳುತ್ತಿರುವ ಅತಿ ದೊಡ್ಡ ಆಸ್ತಿ ಇದೇ ಎಂದು ನಾನು ತಿಳಿದಿದ್ದೇನೆ.

1983ರ ಕೊನೆಗೆ ಮಾರುತಿ 800 ಬಂತು. ಹಳೆಯ ಕಾರುಗಳು ಶೆಡ್ಡಿನಿಂದ ಮರದಡಿಗೆ, ಅಲ್ಲಿಂದ ಗುಜರಿಗೆ ಹೋದವು. ಶೆಡ್ಡುಗಳೂ ಉಳಿಯಲಿಲ್ಲ, ಆ ಜಾಗದಲ್ಲಿ ಅಂಗಡಿ ಮಳಿಗೆ ಎದ್ದಿತು. 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಾಗ, ತಾತನ ಕಾರನ್ನು ಉಳಿಸಿಕೊಳ್ಳಬೇಕಿತ್ತು ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬಂತು. ರ‍್ಯಾಲಿಗಳು ಮುಂಚೆಯೇ ಇದ್ದವು. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ರ‍್ಯಾಲಿ 1964ರಲ್ಲೇ ಶುರುವಾಗಿತ್ತು. ಆದರೆ ಅದು ಅರಸರ, ಉದ್ಯಮಿಗಳ ಕಾರುಗಳ ಲೋಕ. ಧರ್ಮಸ್ಥಳದ ಮಂಜೂಷಾದಲ್ಲಿ, ಈಗ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ನೋಡಿ ಮನೆಗೆ ಬಂದು, ನಮ್ಮ ಪ್ರೀಮಿಯರ್ ಪದ್ಮಿನಿಗೂ ಒಂದು ಜಾಗ ಮಾಡೋಣ ಎನ್ನುವ ಸಾಮಾನ್ಯ ಕುಟುಂಬಗಳ ಕಾಲ ಈಗ ಬಂದಿದೆ. ಈ ಲೇಖನದ ಉಳಿದ ಭಾಗ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಇವತ್ತಿನ ತಿಳಿವಳಿಕೆ ಹಿಂದಿನದಕ್ಕಿಂತ ಮುಂದೆ ಹೋಗಿರುವುದು ಮುಖ್ಯವಾಗಿ ತೇವದ ವಿಷಯದಲ್ಲಿ. ಬಣ್ಣವಿಲ್ಲದ ಉಕ್ಕಿಗೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60 ದಾಟಿತೆಂದರೆ ತುಕ್ಕಿನ ವೇಗ ಏರುತ್ತದೆ. ಶೇ. 40ಕ್ಕಿಂತ ಕೆಳಗಿಳಿದರೆ ಮರ, ಚರ್ಮ ಬಿರುಕು ಬಿಡುತ್ತವೆ. ಆದ್ದರಿಂದ ಶೇ. 50ರ ಆಸುಪಾಸು ಒಳ್ಳೆಯದು. ಮಳೆಗಾಲದಲ್ಲಿ ಬೆಂಗಳೂರಿನಲ್ಲೂ ಇದು ಸುಲಭವಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಗಾಳಿಯಲ್ಲಿ ಉಪ್ಪು ತುಂಬಿದ ಮಂಗಳೂರಿನಲ್ಲಿ ತೇವ ಹೀರುವ ಯಂತ್ರವಿಲ್ಲದೆ ಆಗದ ಮಾತು. ಆ ಯಂತ್ರ ಕೆಲಸ ಮಾಡಬೇಕಾದರೆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಯಂತ್ರವಿಲ್ಲದವರು ತದ್ವಿರುದ್ಧ ಮಾಡಬೇಕು: ಎದುರುಬದುರು ಕಿಂಡಿ ಬಿಟ್ಟು ಗಾಳಿ ಹರಿಯಗೊಡಬೇಕು. ಎರಡರ ನಡುವೆ ಅರೆಬರೆ ಮುಚ್ಚಿದ ಶೆಡ್ಡು ಎಲ್ಲಕ್ಕಿಂತ ಕೆಟ್ಟದ್ದು.

ತೇವ ಬರುವುದು ಬರೀ ಮಳೆಯಿಂದಲ್ಲ, ನೆಲದಿಂದ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಬತ್ತಿಯಂತೆ ನೀರನ್ನು ಮೇಲೆಳೆಯುತ್ತದೆ. ಬೆಡ್ ಹಾಕುವ ಮುನ್ನ ದಪ್ಪ ಪಾಲಿಥಿನ್ ಹಾಳೆ ಹಾಸಿದರೆ ಈ ಕಾಟ ತಪ್ಪುತ್ತದೆ. ಆಮೇಲೆ ನೆನಪಾದರೆ ನೆಲವನ್ನೇ ಅಗೆಯಬೇಕು. ನೆಲ ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ, ಬಾಗಿಲ ಕಡೆಗೆ ಸಣ್ಣ ಇಳಿಜಾರು ಇರಲಿ. ಹೊಸ ಗಾರೆ, ಹೊಸ ಕಾಂಕ್ರೀಟು ತಿಂಗಳುಗಟ್ಟಲೆ ನೀರು ಬಿಡುತ್ತಲೇ ಇರುತ್ತವೆ. ಗೃಹಪ್ರವೇಶದ ಉತ್ಸಾಹದಲ್ಲಿ ಹಸಿ ಶೆಡ್ಡಿಗೆ ಕಾರು ಒಯ್ದು ನಿಲ್ಲಿಸಿದವರ ಕ್ರೋಮಿಯಂ ಬಂಪರು ಒಂದೇ ಮಳೆಗಾಲದಲ್ಲಿ ಚುಕ್ಕೆ ಚುಕ್ಕೆಯಾದದ್ದನ್ನು ಕಂಡಿದ್ದೇನೆ. ಇನ್ನು ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವುದು. ಹೊದಿಕೆಯೊಳಗೆ ರಾತ್ರಿ ಇಬ್ಬನಿ ಕಟ್ಟಿ, ಹಗಲಿಗೆ ಬೆವೆತು, ಬಣ್ಣದಡಿಯಲ್ಲಿ ಗುಳ್ಳೆ ಏಳಿಸುತ್ತದೆ. ಉಸಿರಾಡುವ ಹತ್ತಿ ಬಟ್ಟೆಯೇ ಸರಿ.

ಅಳತೆಯ ಮಾತಿಗೆ ಬರುತ್ತೇನೆ. ಪದ್ಮಿನಿ ಉದ್ದದಲ್ಲಿ 4 ಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಒಂದೂವರೆ ಮೀಟರಿಗೂ ಕಡಿಮೆ. ಅಂಬಾಸಡರ್ ಸುಮಾರು 4.3 ಮೀಟರ್ ಉದ್ದ, 1.7 ಮೀಟರಿನಷ್ಟು ಅಗಲ. ಹತ್ತು ಅಡಿ ಅಗಲದ ಶೆಡ್ಡಿನಲ್ಲಿ ಅಂಬಾಸಡರ್ ನಿಲ್ಲುತ್ತದೆ, ಕೆಲಸ ಮಾತ್ರ ಸಾಗದು. ಬಾಗಿಲು ಪೂರ್ತಿ ತೆಗೆದು, ಸೀಟು ಹೊರಗೆಳೆದು, ಪಕ್ಕದಲ್ಲಿ ಕೂತು ನೋಡಲು ಆಗುವುದಿಲ್ಲ. ಇಪ್ಪತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ, ಒಂಬತ್ತು ಅಡಿಯ ಬಾಗಿಲು ಸಿಕ್ಕರೆ ನೆಮ್ಮದಿ. ನಾಲ್ಕು ಕಂಬದ ಲಿಫ್ಟ್ ಹಾಕಿ ಮೇಲೊಂದು ಕೆಳಗೊಂದು ಕಾರು ನಿಲ್ಲಿಸುವ ಆಸೆಯಿದ್ದರೆ ತಾರಸಿ ಹನ್ನೆರಡು ಅಡಿ ಎತ್ತರವಿರಬೇಕು. ಲಿಫ್ಟ್ ಇಲ್ಲದ ಕಾಲದಲ್ಲಿ ನೆಲದಲ್ಲಿ ಪಿಟ್ ಅಗೆಯುತ್ತಿದ್ದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಗುಂಡಿಯಲ್ಲಿ ಇಳಿದು ನಿಲ್ಲುತ್ತದೆ, ಒಂದು ಬಲ್ಬು ಒಡೆದರೆ ಸಾಕು. ಕರಾವಳಿಯಲ್ಲಂತೂ ಪಿಟ್ ಎಂದರೆ ಸಣ್ಣ ಬಾವಿ. ಮನೆಗೆ ಪಿಟ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಗಟ್ಟಿ ನೆಲ, ಒಳ್ಳೆಯ ಟ್ರಾಲಿ ಜಾಕು, ನಾಲ್ಕು ಸ್ಟ್ಯಾಂಡು ಸಾಕು. ಜಾಕು ಎತ್ತಲಿಕ್ಕೆ, ಸ್ಟ್ಯಾಂಡು ಹೊರಲಿಕ್ಕೆ. ಬರೀ ಜಾಕಿನ ಮೇಲೆ, ಇಟ್ಟಿಗೆಯ ಮೇಲೆ ನಿಂತ ಕಾರಿನಡಿಗೆ ಯಾರೂ ತಲೆಯಿಡಬಾರದು.

ಸಲಕರಣೆ ಕೊಳ್ಳುವ ಮುನ್ನ ಕಾರಿನ ಜಾತಕ ತಿಳಿಯಬೇಕು. ಫಿಯೆಟ್ ಮೂಲದ ಪದ್ಮಿನಿಯ ಬೋಲ್ಟುಗಳು ಮಿಲಿಮೀಟರಿನವು. ಯುದ್ಧಪೂರ್ವದ ಬ್ರಿಟಿಷ್ ಕಾರಿಗೆ 1841ರಲ್ಲಿ ಜೋಸೆಫ್ ವಿಟ್‌ವರ್ತ್ ರೂಪಿಸಿದ ತಿರುಪಿನ ಅಳತೆಯ ಸ್ಪ್ಯಾನರು ಬೇಕು. ಬಾಯಿ ಹೊಂದದ ಸ್ಪ್ಯಾನರು ಹಾಕಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ, ಚಾರ್ಜರ್ ಹಚ್ಚುವ ಮೊದಲು ನೋಡಿಕೊಳ್ಳಬೇಕು. ಬೆಸುಗೆಯಲ್ಲಿ ಹಳೆಯ ಗ್ಯಾಸ್ ವೆಲ್ಡಿಂಗಿಗೆ ತೆಳು ತಗಡು ಬಿಸಿಯಾಗಿ ಸೊಟ್ಟಗಾಗುತ್ತಿತ್ತು. ಸಣ್ಣ ಸಿಒಟು ವೆಲ್ಡಿಂಗ್ ಯಂತ್ರಗಳು ಕೈಗೆಟುಕುವಂತಾದ ಮೇಲೆ ಮನೆಯಲ್ಲೂ ತುಕ್ಕು ಕತ್ತರಿಸಿ ಹೊಸ ತಗಡು ಕೂರಿಸಬಹುದಾಯಿತು.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಕಟ್ಟಬೇಕು. ಈಗಿನ ಪಿಯು ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ, ಅದು ಶ್ವಾಸಕೋಶವನ್ನು ಕಾಯಂ ಕೆಡಿಸಬಲ್ಲದು. ಬಣ್ಣವನ್ನು ಬೂತ್ ಇರುವವರಿಗೆ ಬಿಡುವುದೇ ಲೇಸು. ಅನುಭವಿಗಳಿಗೂ ಅಪಾಯ ತಪ್ಪದು: ಕ್ಯಾಲಿಫೋರ್ನಿಯದ ಹೆಸರಾಂತ ಕಾರು ಸಂಗ್ರಾಹಕ, ಹಾಸ್ಯನಟ ಜೇ ಲೆನೊ 2022ರ ನವೆಂಬರಿನಲ್ಲಿ ತಮ್ಮ ಗ್ಯಾರೇಜಿನಲ್ಲಿ 1907ರ ವೈಟ್ ಸ್ಟೀಮ್ ಕಾರಿನಡಿ ಕೆಲಸ ಮಾಡುವಾಗ ಚಿಮ್ಮಿದ ಇಂಧನಕ್ಕೆ ಬೆಂಕಿ ತಗುಲಿ, ಮುಖ, ಕೈ, ಎದೆ ಸುಟ್ಟುಕೊಂಡರು. ಶತಮಾನದ ಹಿಂದೆ ಗ್ಯಾರೇಜನ್ನು ಹಿತ್ತಲ ತುದಿಗೆ ಅಟ್ಟಿದ ಭಯ ಹಾಗೆಯೇ ಇದೆ. ಬೆಂಕಿ ಆರಿಸುವ ಸಿಲಿಂಡರು ಬಾಗಿಲ ಬಳಿಯೇ ಇರಲಿ.

ರಿಪೇರಿಯ ಧೋರಣೆಯೂ ಬದಲಾಗಿದೆ. ಕೆಲವು ದಶಕಗಳ ಹಿಂದೆ ‘ಹೊಸದರಂತೆ ಮಾಡಿದೆ’ ಎಂಬುದೇ ಹೆಮ್ಮೆ. 1966ರಲ್ಲಿ ಹುಟ್ಟಿದ, ಜಗತ್ತಿನ ಹಳೆಯ ವಾಹನ ಸಂಘಗಳ ಒಕ್ಕೂಟ ‘ಫಿವಾ’ ರೂಪಿಸಿದ ಟುರಿನ್ ಸನ್ನದು, ಇದ್ದದ್ದನ್ನು ಕಾಪಾಡುವುದು ಮೊದಲು, ಮರುನಿರ್ಮಾಣ ಕೊನೆಗೆ ಎನ್ನುತ್ತದೆ. ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕು ಎನ್ನುತ್ತದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮವೂ, 50 ವರ್ಷ ಮೀರಿದ, ಗಣನೀಯ ಮಾರ್ಪಾಡಿಲ್ಲದೆ ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆ ಕೊಡುತ್ತದೆ. ‘ವಿಎ’ ಅಕ್ಷರವುಳ್ಳ ನಂಬರು, ಹತ್ತು ವರ್ಷದ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದ್ದರಿಂದ ಶೆಡ್ಡಿನಲ್ಲಿ ಒಂದು ಕಪಾಟು ಬಿಚ್ಚಿದ ಹಳೆಯ ಭಾಗಗಳಿಗೆ, ಒಂದು ನೋಟ್‌ಬುಕ್ಕು ದಿನಚರಿಗೆ ಮೀಸಲಾಗಿರಲಿ. ಸವೆದ ಮೂಲಭಾಗವನ್ನು ಗುಜರಿಗೆ ಹಾಕಬೇಡಿ. ನಾಳೆ ಅದನ್ನೇ ಅಚ್ಚಾಗಿಟ್ಟುಕೊಂಡು ಹೊಸದು ಮಾಡಿಸಬೇಕಾಗುತ್ತದೆ.

ಇತ್ತೀಚಿನ ತೊಡಕು ಪೆಟ್ರೋಲಿನದು. ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಮನ್ನೂ ಮೆತ್ತಗಾಗಿಸುತ್ತದೆ. ಪೈಪುಗಳನ್ನು ಎಥೆನಾಲ್ ತಾಳುವ ರಬ್ಬರಿಗೆ ಬದಲಿಸಬೇಕು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರಿನ ಬಟ್ಟಲು ಬರಿದು ಮಾಡಬೇಕು. ಹ್ಯಾಂಡ್ ಬ್ರೇಕ್ ಎಳೆದಿಡಬಾರದು, ಲೈನರು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಒತ್ತು ಕೊಟ್ಟರೆ ಆಯಿತು. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ರೂಢಿ ನಮ್ಮಲ್ಲಿ ಬಹಳ. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲಿನಲ್ಲೂ ತಂಗಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಬದಲಿಗೆ ತಿಂಗಳಿಗೊಂದು ಒಣ ಬೆಳಿಗ್ಗೆ ಕಾರನ್ನು ಹೊರತೆಗೆದು, ಆಯಿಲು ಚೆನ್ನಾಗಿ ಕಾಯುವವರೆಗೆ ಇಪ್ಪತ್ತು ಕಿಲೋಮೀಟರು ಓಡಿಸಿ ತಂದು, ಬಾನೆಟ್ ಎತ್ತಿಟ್ಟು, ಎಂಜಿನ್ನು ಪೂರ್ತಿ ತಣಿದ ಮೇಲೆ ಹತ್ತಿ ಹೊದಿಕೆ ಹಾಕಿ.